ಕತ್ತಿನ ಕಲೆ ಮತ್ತು ತಂಗಿಯ ಮದುವೆ

ಪ್ರಶ್ನೆ: ದೀಪಾವಳಿಗೆ ಚಕ್ಕುಲಿ ಕರಿಯುವಾಗ ಕಾದ ಎಣ್ಣೆ ಸಿಡಿದು ಕತ್ತಿನ ಬಲಭಾಗ ಸುಟ್ಟಿತು. ಗಾಯ ಮಾಯಲು ತಿಂಗಳಿಗೂ ಹೆಚ್ಚು ಹಿಡಿಯಿತು. ಈಗ ಆ ಜಾಗ ಕೆಂಪಗೆ ಉಬ್ಬಿಕೊಂಡಿದೆ, ರಾತ್ರಿ ತುರಿಕೆ. ಔಷಧದ ಅಂಗಡಿಯವರು ಹೇಳಿದರೆಂದು ಸಿಲಿಕೋನ್ ಶೀಟ್ ತಂದು ಎರಡು ವಾರ ಹಚ್ಚಿದೆ. ಸೆಕೆಗೆ ಬೆವರುಸಾಲೆ ಎದ್ದಿತು, ಕಲೆ ಹಾಗೇ ಇತ್ತು, ಬಿಟ್ಟುಬಿಟ್ಟೆ. ಊರಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ‘ಬದನಿಕಾಯಿ ತಿಂದಿ, ಅದಕ್ಕ ನಂಜಾತು’ ಅನ್ನುತ್ತಾರೆ. ಗಂಡ ‘ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತಿ’ ಅನ್ನುತ್ತಾರೆ. ಮುಂದಿನ ತಿಂಗಳು ವಿಜಯಪುರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹೋಗದಿರಲು ನೆಪ ಹುಡುಕುತ್ತಿದ್ದೇನೆ. ನನ್ನದು ಹುಚ್ಚೇ?
— ಹೆಸರು ಬೇಡ, ಧನಕವಡಿ, ಪುಣೆ

ಉತ್ತರ: ಖಂಡಿತ ಹುಚ್ಚಲ್ಲ. ಎದುರಿಗೆ ನಿಂತವರ ಕಣ್ಣು ಮುಖದಿಂದ ಸ್ವಲ್ಪ ಜಾರಿದರೂ ಬೀಳುವುದು ಕತ್ತಿನ ಮೇಲೆಯೇ. ಅಲ್ಲಿ ಒಂದು ಗುರುತು ಬಿದ್ದರೆ ಪ್ರತಿ ಮಾತುಕತೆಯಲ್ಲೂ ಅರ್ಧ ಮನಸ್ಸು ಸೆರಗು ಸರಿಮಾಡುವುದರಲ್ಲೇ ಇರುತ್ತದೆ. ಇದನ್ನು ಚೆಲುವಿನ ಚಿಂತೆ ಎಂದು ತಳ್ಳಿಹಾಕುವವರು ಆ ಕಲೆ ರಾತ್ರಿ ತುರಿಸುವುದನ್ನು ಕಂಡಿಲ್ಲ. ನೀವು ಬಹುಶಃ ಅದನ್ನು ಅವರಿಗೆ ಹೇಳಿಯೂ ಇಲ್ಲ.

ಮೊದಲು ಬದನೆಕಾಯಿಯ ಮೇಲಿನ ಆಪಾದನೆ ತೆಗೆದುಬಿಡೋಣ. ಎಣ್ಣೆಗಾಯಿ ತಿಂದದ್ದರಿಂದ ಕಲೆ ಉಬ್ಬುವುದಿಲ್ಲ. ಮಾಯಲು ಮೂರು ವಾರಕ್ಕಿಂತ ಹೆಚ್ಚು ಹಿಡಿದ ಸುಟ್ಟಗಾಯ ಉಬ್ಬುವ ಸಂಭವ ಹೆಚ್ಚು. ನಿಮ್ಮದು ತಿಂಗಳು ದಾಟಿತ್ತು. ಗಾಯ ಮುಚ್ಚಿದರೂ ದೇಹ ಆ ಜಾಗಕ್ಕೆ ಕೊಲ್ಯಾಜನ್ ಎಂಬ ನಾರು ಪದಾರ್ಥವನ್ನು ಸುರಿಯುತ್ತಲೇ ಇರುತ್ತದೆ, ಗೋಡೆ ಮುಗಿದರೂ ಗಾರೆ ಮೆತ್ತುತ್ತಲೇ ಇರುವ ಕೆಲಸಗಾರನ ಹಾಗೆ. ಇದರಲ್ಲಿ ನಿಮ್ಮ ಅಜಾಗರೂಕತೆಯೇನೂ ಇಲ್ಲ. ಅತ್ತೆಯವರು ಹಾಗನ್ನುವುದು ಬಯ್ಯಲಿಕ್ಕಲ್ಲ ಎಂದೇ ನನ್ನ ಎಣಿಕೆ. ದೂರದಲ್ಲಿದ್ದು ಏನೂ ಮಾಡಲಾಗದವರು ಪಥ್ಯದ ಮಾತಾಡುತ್ತಾರೆ.

ಇನ್ನು ಆ ಶೀಟಿನ ವಿಷಯ. ಅದು ಕೆಲಸ ಮಾಡಲಿಲ್ಲ ಎಂದು ನೀವು ತೀರ್ಮಾನಿಸಿದ್ದು ಬೇಗವಾಯಿತು. ಸುಟ್ಟ ಕಲೆಗಳಿಗೆ ಸಿಲಿಕೋನ್ ಜೆಲ್ ಬಳಸಿದ ಮೊದಲ ವರದಿ 1983ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ದಿನಕ್ಕೆ ಕನಿಷ್ಠ 12 ಗಂಟೆ, ಎರಡು ಮೂರು ತಿಂಗಳು, ಕೆಲವರಿಗೆ ಆರು ತಿಂಗಳೂ ಬೇಕು. ಶೀಟಿನೊಳಗಿಂದ ಔಷಧವೇನೂ ಚರ್ಮಕ್ಕೆ ಇಳಿಯುವುದಿಲ್ಲ. ಅದು ಕಲೆಯ ತೇವ ಆರದಂತೆ ಮುಚ್ಚಿಡುತ್ತದೆ. ತೇವ ಉಳಿದರೆ ಕೊಲ್ಯಾಜನ್ ಭರಾಟೆ ನಿಧಾನವಾಗಿ ತಗ್ಗುತ್ತದೆಂದು ತಿಳಿದವರ ಅಭಿಪ್ರಾಯ. ಉಬ್ಬು ತಗ್ಗಬಹುದು, ಗಡಸು ಮೆದುವಾಗಬಹುದು, ತುರಿಕೆ ಇಳಿಯಬಹುದು. ಗುರುತು ಪೂರ್ತಿ ಅಳಿಯುವುದಿಲ್ಲ. ಈ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2013ರ ಕೊಕ್ರೇನ್ ವಿಮರ್ಶೆ, ಪುರಾವೆಗಳು ಅಷ್ಟೇನೂ ಗಟ್ಟಿಯಾಗಿಲ್ಲ ಎಂದೇ ಹೇಳಿತ್ತು. ಆದರೂ ನೋವಿಲ್ಲದ, ಅಪಾಯ ಕಡಿಮೆ ಇರುವ ದಾರಿಯೆಂದು ವೈದ್ಯರು ಇದನ್ನು ಮೊದಲು ಸೂಚಿಸುತ್ತಾರೆ. ಇಷ್ಟು ತಿಳಿದು ಹಚ್ಚಿಕೊಂಡರೆ ಎರಡು ವಾರಕ್ಕೆ ನಿರಾಸೆಯಾಗುವುದಿಲ್ಲ.

ಮತ್ತೆ ಶುರುಮಾಡುವ ಮುನ್ನ ಒಮ್ಮೆ ಚರ್ಮರೋಗ ತಜ್ಞರಿಗೆ ತೋರಿಸಿ. ಭಾರತಿ ಆಸ್ಪತ್ರೆ ನಿಮ್ಮ ಧನಕವಡಿಯಲ್ಲೇ ಇದೆ. ಖರ್ಚಿನ ಯೋಚನೆಯಿದ್ದರೆ ಪುಣೆ ಸ್ಟೇಷನ್ ಹತ್ತಿರದ ಸರ್ಕಾರಿ ಸಸೂನ್ ಆಸ್ಪತ್ರೆಯಿದೆ. ಮರಾಠಿಯಲ್ಲಿ ಎಲ್ಲ ಹೇಳಲು ತಡವರಿಸುವುದಾದರೆ ಗಂಡನನ್ನೋ ನೆರೆಯವರನ್ನೋ ಜೊತೆಗೆ ಕರೆದೊಯ್ಯಿರಿ. ಕೇಳಬೇಕಾದ ಮುಖ್ಯ ಪ್ರಶ್ನೆ: ಇದು ಗಾಯವಿದ್ದ ಗೆರೆಯೊಳಗೇ ಉಬ್ಬಿದ ಕಲೆಯೋ, ಗೆರೆ ದಾಟಿ ಹಬ್ಬುವ ಕೀಲಾಯ್ಡೋ? ಮೊದಲನೆಯದು ಒಂದೆರಡು ವರ್ಷದಲ್ಲಿ ತಾನಾಗಿಯೂ ತಗ್ಗುವುದುಂಟು. ಕೀಲಾಯ್ಡ್ ಆದರೆ ಶೀಟ್ ಒಂದೇ ಸಾಲದು, ಕಲೆಯೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಕೊಯ್ದು ತೆಗೆಸಿಬಿಡೋಣ ಎಂದು ಯಾರಾದರೂ ಅಂದರೆ ಅವಸರ ಬೇಡ. ಬರೀ ಕೊಯ್ದ ಕೀಲಾಯ್ಡ್ ಬಹಳ ಸಲ ಮರಳಿ ಬರುತ್ತದೆ, ಮೊದಲಿಗಿಂತ ದೊಡ್ಡದಾಗಿಯೂ. ಕತ್ತು ತಿರುಗಿಸುವಾಗ ಚರ್ಮ ಎಳೆದ ಹಾಗಾದರೆ ಅದನ್ನಂತೂ ಮುಚ್ಚಿಡಬೇಡಿ, ಬೇಗ ಹೋಗಿ. ತುರಿಕೆಗೂ ಮಾತ್ರೆ ಇದೆ, ಕೇಳಿ ಪಡೆಯಿರಿ.

ವೈದ್ಯರು ಒಪ್ಪಿದರೆ ಶೀಟನ್ನು ದಿನಕ್ಕೆ ನಾಲ್ಕು ಗಂಟೆ ಹೊತ್ತು ಹಚ್ಚುವುದರಿಂದ ಶುರುಮಾಡಿ ದಿನದಿನಕ್ಕೆ ಹೆಚ್ಚಿಸಿ. ಅಷ್ಟು ಸೆಕೆಯಲ್ಲಿ ಒಮ್ಮೆಗೇ ಇಡೀ ದಿನ ಹಚ್ಚಿದ್ದರಿಂದಲೇ ಬೆವರುಸಾಲೆ ಎದ್ದಿರಬೇಕು. ಸಂಜೆ ಹಚ್ಚಿ ಬೆಳಿಗ್ಗೆ ತೆಗೆದರೂ 12 ಗಂಟೆ ಆಗುತ್ತದೆ, ಯಾರಿಗೂ ಕಾಣುವುದೂ ಇಲ್ಲ. ದಿನಕ್ಕೊಮ್ಮೆ ಕತ್ತನ್ನೂ ಶೀಟನ್ನೂ ಸೌಮ್ಯ ಸಾಬೂನಿನಲ್ಲಿ ತೊಳೆದು ಪೂರ್ತಿ ಆರಿಸಿ. ಕೆಳಗೆ ಕೊಬ್ಬರಿ ಎಣ್ಣೆ, ಅರಿಶಿನ, ಮುಲಾಮು ಯಾವುದೂ ಬೇಡ. ತೆರೆದ ಗಾಯದ ಮೇಲೆ ಎಂದೂ ಹಚ್ಚಬಾರದು. ಕತ್ತಿನಂಥ ಜಾಗದಲ್ಲಿ ಶೀಟ್ ಕಿತ್ತುಬರುತ್ತಿದ್ದರೆ ಟ್ಯೂಬಿನಲ್ಲಿ ಬರುವ ಸಿಲಿಕೋನ್ ಜೆಲ್ ಬಗ್ಗೆ ವಿಚಾರಿಸಿ. ದಿನಾ ಕನ್ನಡಿ ನೋಡಿ ಅಳೆಯಬೇಡಿ. ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ, ಸಾಕು.

ಗಂಡನಿಗೆ ನೀವು ಹೇಳಬೇಕಾದದ್ದು ಒಂದಿದೆ: ‘ಸಮಾಧಾನ ಬೇಡ, ರಾತ್ರಿ ತುರಿಕೆಗೆ ಎಚ್ಚರವಾದಾಗ ಸ್ವಲ್ಪ ಮಾತಾಡು.’ ತಲೆ ಕೆಡಿಸಿಕೊಳ್ಳಬೇಡ ಎನ್ನುವವರಿಗೆ ಹೆಚ್ಚಿನ ಸಲ ಏನು ಮಾಡಬೇಕೆಂದು ತೋಚಿರುವುದಿಲ್ಲ. ಬಾಣಲೆ ಕಂಡರೆ ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಮನೆ ಬಿಟ್ಟು ಹೊರಡಲಾಗದಿರುವುದು ಹೀಗೇ ನಡೆದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ಪತ್ರಕ್ಕೆ ಸಂಬಂಧವಿಲ್ಲದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: ಇದನ್ನು ಓದುತ್ತಿರುವ ಇನ್ಯಾರದೋ ಮೈ ಸುಟ್ಟದ್ದು ಆಕಸ್ಮಿಕವಲ್ಲದಿದ್ದರೆ, ಮಹಿಳಾ ಸಹಾಯವಾಣಿ 181 ಇದೆ.

ಮದುವೆಗೆ ಹೋಗಿ. ನಾಲ್ಕು ಜನ ಕೇಳಿಯೇ ಕೇಳುತ್ತಾರೆ. ‘ಎಣ್ಣೆ ಸಿಡೀತು, ಔಷಧ ನಡೆದೈತಿ’ ಎಂದಷ್ಟೇ ಹೇಳಿ, ಅವರ ಮಕ್ಕಳ ಸುದ್ದಿ ಕೇಳಿ; ಮಾತು ತಾನಾಗಿ ಬೇರೆ ಕಡೆ ಹೋಗುತ್ತದೆ. ಅಕ್ಕಿಕಾಳು ಹಾಕುವ ದಿನ ಶೀಟ್ ಹಚ್ಚದಿದ್ದರೂ ನಡೆಯುತ್ತದೆ. ವೈದ್ಯರಲ್ಲಿಗೆ ಹೋಗುವುದನ್ನು ಮಾತ್ರ ಮದುವೆಯ ನಂತರಕ್ಕೆ ಇಡಬೇಡಿ, ಈ ವಾರವೇ ಮುಗಿಸಿ.