ಕಾಟ್ಟಾಡಿಮಲೆಯ ರಕ್ತಸಾಕ್ಷಿ – ಸಂತ ದೇವಸಹಾಯಂ

(ಯಾತ್ರಿಕರಿಗೊಂದು ಪಾಠ)



ಬೆಟ್ಟ ಹತ್ತಿ ಬಂದ ನೀವು ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ್ದೀರಿ. ಕಚೇರಿಯಲ್ಲಿ ಪೂಜೆಗೆ ಹೆಸರು ಬರೆಸುವಾಗ ಕೆಲವರು ಕೇಳುವುದುಂಟು: "ಸಾರ್, ರಕ್ತಸಾಕ್ಷಿಗಳು ಅಂದ್ರೆ ಬರೀ ರೋಮಿನವರೇನಾ? ನಮ್ಮ ಕಡೆ ಯಾರೂ ಇಲ್ವಾ?" ಇದ್ದಾರೆ. ಅವರು ಪ್ರಾಣ ಕೊಟ್ಟಿದ್ದೂ ಒಂದು ಬೆಟ್ಟದ ಮೇಲೆಯೇ. ಅವರು ಗುರುಗಳಲ್ಲ, ಸನ್ಯಾಸಿಯಲ್ಲ; ನಮ್ಮ ನಿಮ್ಮ ಹಾಗೆ ಮನೆ, ಮಡದಿ, ನೌಕರಿ ಇದ್ದ ಸಂಸಾರಸ್ಥರು.

ಅವರು ಯಾರು?

ಈಗಿನ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆ ಆಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ನಟ್ಟಾಲಂ ಎಂಬ ಊರಿನಲ್ಲಿ 1712ರ ಏಪ್ರಿಲ್ 23ರಂದು ಒಂದು ನಾಯರ್ ಮನೆತನದಲ್ಲಿ ನೀಲಕಂಠ ಪಿಳ್ಳೆ ಹುಟ್ಟಿದರು. ಬೆಳೆದು ಮಾರ್ತಾಂಡ ವರ್ಮ ಮಹಾರಾಜರ ಆಡಳಿತದಲ್ಲಿ ಅಧಿಕಾರಿಯಾದರು. ಮಡದಿ ಭಾರ್ಗವಿ ಅಮ್ಮಾಳ್.

1741ರಲ್ಲಿ ಕೊಳಚಲ್ ಕಡಲ ತೀರದಲ್ಲಿ ಡಚ್ಚರಿಗೂ ತಿರುವಾಂಕೂರಿಗೂ ಯುದ್ಧವಾಯಿತು. ಡಚ್ಚರು ಸೋತರು. ಸೆರೆ ಸಿಕ್ಕ ಅವರ ಸೇನಾನಿ ಡಿ ಲನ್ನಾಯ್ ಮುಂದೆ ಮಹಾರಾಜರ ಸೈನ್ಯಕ್ಕೇ ತರಬೇತಿ ಕೊಡುವವರಾದರು. ಅವರು ಕಥೋಲಿಕ ಕ್ರೈಸ್ತರು. ನೀಲಕಂಠ ಪಿಳ್ಳೆಯವರಿಗೂ ಅವರಿಗೂ ಸ್ನೇಹ ಬೆಳೆಯಿತು. ಮನೆಯಲ್ಲಿ ಕಷ್ಟನಷ್ಟ ಬಂದು ಪಿಳ್ಳೆಯವರು ಕುಗ್ಗಿಹೋಗಿದ್ದಾಗ, ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕತೆಯನ್ನು ಡಿ ಲನ್ನಾಯ್ ಹೇಳಿದರಂತೆ. ಆ ಮಾತು ಮನಸ್ಸಿನಲ್ಲಿ ಬೇರೂರಿತು. 1745ರ ಮೇ 14ರಂದು ವಡಕ್ಕನ್‌ಕುಳಂನಲ್ಲಿ ಯೇಸುಸಭೆಯ ಬುತ್ತಾರಿ ಸ್ವಾಮಿಗಳಿಂದ ಅವರು ಜ್ಞಾನಸ್ನಾನ ಪಡೆದರು. ಲಾಜರ ಎಂಬುದಕ್ಕೆ ಸಮನಾದ 'ದೇವಸಹಾಯಂ' ಎಂಬ ಹೆಸರು ಬಂತು. ಮಡದಿಯೂ ವಿಶ್ವಾಸ ಸ್ವೀಕರಿಸಿ ಜ್ಞಾನಪ್ಪೂ (ತೆರೇಸಾ) ಆದರು.

ಸಿಟ್ಟು ಬಂದಿದ್ದು ಯಾಕೆ?

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಡಿ ಲನ್ನಾಯ್ ಕೂಡ ಕ್ರೈಸ್ತರೇ, ಆದರೆ ಅವರಿಗೆ ಮಾನ ಮರ್ಯಾದೆ ಸಿಕ್ಕಿತು. ದೇವಸಹಾಯಂ ಅವರಿಗೆ ಸಿಕ್ಕಿದ್ದು ಸಂಕೋಲೆ. ಯಾಕೆಂದರೆ ಪರದೇಶದವನ ನಂಬಿಕೆ ಯಾರ ಅಂತಸ್ತಿಗೂ ಅಡ್ಡ ಬರಲಿಲ್ಲ. ಇವರು ಹಾಗಲ್ಲ. ಮೇಲು ಜಾತಿಯ ಅಧಿಕಾರಿಯಾಗಿದ್ದುಕೊಂಡು, ದೇವರ ಮುಂದೆ ಎಲ್ಲರೂ ಸಮಾನರು ಅಂತ ಹೇಳಿದರು. ಹೇಳಿದ್ದಷ್ಟೇ ಅಲ್ಲ, ಕೀಳು ಅಂತ ದೂರ ಇಟ್ಟವರ ಜೊತೆ ಬೆರೆತರು. ಇದನ್ನು ಸಹಿಸದವರು ರಾಜದ್ರೋಹದ ದೂರು ಹೊರಿಸಿದರು. 1749ರ ಫೆಬ್ರವರಿಯಲ್ಲಿ ಅವರ ಬಂಧನವಾಯಿತು.

ಮೂರು ವರ್ಷದ ಶಿಲುಬೆ ಹಾದಿ

ರಕ್ತಸಾಕ್ಷಿ ಅಂದರೆ ಒಂದೇ ಏಟಿಗೆ ಪ್ರಾಣ ಹೋಗುವುದು ಅಂತ ನಾವು ತಿಳಿಯುತ್ತೇವೆ. ದೇವಸಹಾಯಂ ಅವರ ಪಾಡು ಹೆಚ್ಚುಕಮ್ಮಿ ಮೂರು ವರ್ಷ ನಡೆಯಿತು. ಎಮ್ಮೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರೂರು ಮೆರವಣಿಗೆ ಮಾಡಿದರು. ದಿನಾ ಹೊಡೆದು, ಗಾಯಕ್ಕೆ ಮೆಣಸಿನ ಪುಡಿ ಸವರಿದರು ಎಂದು ಅವರ ಚರಿತ್ರೆ ಹೇಳುತ್ತದೆ. ಪೆರುವಿಳೈ ಎಂಬಲ್ಲಿ ತಿಂಗಳುಗಟ್ಟಲೆ ಮರಕ್ಕೆ ಕಟ್ಟಿಹಾಕಿದ್ದರು. ಪುಲಿಯೂರ್‌ಕುರಿಚ್ಚಿಯಲ್ಲಿ ಬಾಯಾರಿ ಪ್ರಾರ್ಥಿಸಿದಾಗ ಬಂಡೆಯಿಂದ ನೀರು ಒಸರಿತು ಅಂತ ಅಲ್ಲಿನ ಭಕ್ತರು ನಂಬುತ್ತಾರೆ; ಆ ಬಂಡೆಯನ್ನು ನೋಡಲು ಇವತ್ತಿಗೂ ಜನ ಹೋಗುತ್ತಾರೆ.

ಈ ಮೂರು ವರ್ಷವೂ "ಈ ವಿಶ್ವಾಸ ಬಿಟ್ಟೆ" ಅಂದುಬಿಟ್ಟಿದ್ದರೆ ನೌಕರಿ, ಮನೆ, ಮರ್ಯಾದೆ ಎಲ್ಲಾ ವಾಪಸ್ ಸಿಗುತ್ತಿತ್ತು. ಆ ಮಾತನ್ನು ಅವರು ಆಡಲಿಲ್ಲ. ಹೊಡೆದವರ ಮೇಲೆ ಕೈಯೆತ್ತಲೂ ಇಲ್ಲ. ನೋಡಲು ಬಂದ ಜನರಿಗೆ ಸಮಾಧಾನ ಹೇಳುತ್ತಿದ್ದರು. ಜನ ಬರುವುದು ಜಾಸ್ತಿಯಾಯಿತು. ಕೊನೆಗೆ 1752ರ ಜನವರಿ 14ರ ರಾತ್ರಿ ಆರಲ್ವಾಯ್‌ಮೊಳಿ ಹತ್ತಿರದ ಕಾಟ್ಟಾಡಿಮಲೆಗೆ ಕರೆದೊಯ್ದು ಸೈನಿಕರು ಗುಂಡಿಕ್ಕಿ ಕೊಂದರು. ಆಗ ಅವರಿಗೆ 39 ವರ್ಷ. ದೇಹದ ಅವಶೇಷಗಳನ್ನು ನಾಗರಕೋವಿಲ್‌ನ ಕೋಟ್ಟಾರ್ ಸಂತ ಫ್ರಾನ್ಸಿಸ್ ಝೇವಿಯರ್ ದೇವಾಲಯದಲ್ಲಿ ಸಮಾಧಿ ಮಾಡಲಾಯಿತು.

2012ರ ಡಿಸೆಂಬರ್ 2ರಂದು ಅವರನ್ನು ಪುನೀತರೆಂದು ಸಾರಲಾಯಿತು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸರು ರೋಮಿನಲ್ಲಿ ಸಂತ ಪದವಿಗೇರಿಸಿದರು. ಅವರು ಭಾರತದ ಮೊದಲ ಸಂಸಾರಸ್ಥ ಸಂತರು. ಸಂತರ ಹೆಸರಿನಿಂದ 'ಪಿಳ್ಳೆ' ಎಂಬ ಜಾತಿಸೂಚಕ ಪದವನ್ನು ಕೈಬಿಡಲಾಗಿದೆ. ಅವರು ಬದುಕಿದ ರೀತಿಗೆ ಇದು ಒಪ್ಪುತ್ತದೆ.

ನಮಗೇನು ಪಾಠ?

1. ತ್ಯಾಗ ಅಂದರೆ ಸಾವನ್ನು ಹುಡುಕಿಕೊಂಡು ಹೋಗುವುದಲ್ಲ. ಸತ್ಯವನ್ನು ಬಿಡದೆ ಇರುವುದು. ಅದಕ್ಕೆ ಬೆಲೆ ತೆರಬೇಕಾಗಿ ಬಂದರೆ ತೆರುವುದು. ಅದರಲ್ಲಿ ದ್ವೇಷಕ್ಕೆ ಜಾಗವಿಲ್ಲ. ಶಿಲುಬೆಯ ಮೇಲಿದ್ದ ಯೇಸುಸ್ವಾಮಿ ಕೊಂದವರಿಗಾಗಿಯೇ ಪ್ರಾರ್ಥಿಸಿದರು.

2. ಮನಸ್ಸಾಕ್ಷಿಯ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ. ನಂಬಿಕೆಯನ್ನು ಬಲವಂತದಿಂದ ಬಿಡಿಸಲಾಗದು, ಹಾಗೆಯೇ ಬಲವಂತದಿಂದಾಗಲಿ ಆಸೆ ತೋರಿಸಿಯಾಗಲಿ ತುಂಬಲೂ ಆಗದು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯ ಸಾರವೂ ಇದೇ.

3. ದೇವಸಹಾಯಂ ಅವರಿಗೆ ಸಿಗದ ರಕ್ಷಣೆ ನಮಗೆ ಸಿಕ್ಕಿದೆ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕೂ ಇದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಕ್ಕೆ ಧಕ್ಕೆಯಾಗಬಾರದು. ಈ ಹಕ್ಕು ನಮಗೊಬ್ಬರಿಗೇ ಅಲ್ಲ. ಪಕ್ಕದ ಮನೆಯವರ ಪೂಜೆಗೆ, ನಮಾಜಿಗೆ ಅಡ್ಡಿಯಾದಾಗ ಅವರ ಪರ ನಿಲ್ಲುವುದೂ ನಮ್ಮ ಕರ್ತವ್ಯ.

4. ಇವತ್ತಿಗೂ ನಮ್ಮ ಮದುವೆ ಮಾತುಕತೆಯಲ್ಲಿ, ಪಂಕ್ತಿಯಲ್ಲಿ ಜಾತಿ ಕೇಳುವವರಿದ್ದಾರೆ. ದೇವಸಹಾಯಂ ಪ್ರಾಣ ಕೊಟ್ಟಿದ್ದು ಯಾವುದಕ್ಕೆ ಅಂತ ಅಂಥವರು ಒಂದು ಗಳಿಗೆ ಯೋಚಿಸಬೇಕು.

ಮನೆಯವರೆಲ್ಲ ಕೂತು ಯೋಚಿಸಿ

ಅ) ನನ್ನ ವಿಶ್ವಾಸಕ್ಕಾಗಿ ನಾನು ಈವರೆಗೆ ಏನನ್ನು ಬಿಟ್ಟುಕೊಟ್ಟಿದ್ದೇನೆ?
ಆ) ನನ್ನನ್ನು ನೋಯಿಸಿದ ಯಾರಿಗಾಗಿ ಇವತ್ತು ಪ್ರಾರ್ಥಿಸಬಲ್ಲೆ?
ಇ) ಯಾರನ್ನು ನಾನು ಕೀಳಾಗಿ ಕಂಡಿದ್ದೇನೆ?

ಪ್ರಾರ್ಥನೆ

ಓ ಪ್ರಭುವೇ, ಸಂತ ದೇವಸಹಾಯಂ ಅವರಿಗೆ ಕೊಟ್ಟ ತಾಳ್ಮೆಯನ್ನು ನಮಗೂ ಕೊಡಿರಿ. ನಿಮ್ಮ ನಾಮದ ನಿಮಿತ್ತ ನೋವು ತಿನ್ನುತ್ತಿರುವ ಎಲ್ಲರನ್ನೂ ಕಾಪಾಡಿರಿ. ನೋವು ಕೊಡುವವರ ಮನಸ್ಸನ್ನೂ ತಿರುಗಿಸಿರಿ. ಆಮೆನ್.