ಸತ್ತ ಬೋರ್ಡ್‌ನಲ್ಲಿ ರ್ಯಾಮ್ ಎಷ್ಟಿತ್ತು?

ಆನ್ ಆಗದ ಮ್ಯಾಕ್‌ಬುಕ್ ಕೈಗೆ ಬಂದಾಗ ಕೊಳ್ಳುವವರಿಗೂ ರಿಪೇರಿ ಮಾಡುವವರಿಗೂ ಮೊದಲು ಏಳುವ ಪ್ರಶ್ನೆ, ಇದರಲ್ಲಿ ರ್ಯಾಮ್ ಎಷ್ಟು, ಸ್ಟೋರೇಜ್ ಎಷ್ಟು ಎಂಬುದು. ಪರದೆ ಬೆಳಗದಿದ್ದರೂ ಉತ್ತರ ಬೋರ್ಡ್ ಮೇಲೆಯೇ ಅಚ್ಚಾಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬೋರ್ಡ್ ಕೊಳ್ಳುವಾಗ ಅದನ್ನು ಓದಲು ಬಂದರೆ ಬರೀ ಬಾಯಿಮಾತು ನಂಬಿ ದುಡ್ಡು ಕೊಡಬೇಕಾಗಿಲ್ಲ.

ಉದಾಹರಣೆಗೆ, 2012ರಿಂದ 2017ರವರೆಗಿನ 13 ಇಂಚಿನ ಮ್ಯಾಕ್‌ಬುಕ್ ಏರ್ ತೆಗೆದುಕೊಳ್ಳೋಣ. ತಳಭಾಗದಲ್ಲಿರುವ ಎ1466 ಎಂಬ ಸಂಖ್ಯೆ ಮಾದರಿಯನ್ನು ಮಾತ್ರ ಹೇಳುತ್ತದೆ. 4 ಜಿಬಿಗೂ 8 ಜಿಬಿಗೂ ಅದೇ ಸಂಖ್ಯೆ. ಸೀರಿಯಲ್ ನಂಬರ್ ಹಾಕಿ ಹುಡುಕಿದರೆ ಹೆಚ್ಚಾಗಿ ಸಿಗುವುದು ಅಂಗಡಿಗೆ ಬರುತ್ತಿದ್ದ ಸಾಮಾನ್ಯ ಆವೃತ್ತಿಯ ವಿವರ. ತಳದ ಮುಚ್ಚಳ ಬೇರೆ ಯಂತ್ರದ್ದೂ ಆಗಿರಬಹುದು. ಹಾಗಾಗಿ ಬಿಚ್ಚಿಯೇ ನೋಡಬೇಕು.

ತಳದ 10 ಸ್ಕ್ರೂಗಳಿಗೆ ಪಿ5 ಪೆಂಟಲೋಬ್ ಡ್ರೈವರ್ ಬೇಕು. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಬಿಡಿಸಿ. ಬೋರ್ಡ್ ಸತ್ತಿದ್ದರೂ ಬ್ಯಾಟರಿಯಲ್ಲಿ ಚಾರ್ಜ್ ಇರುತ್ತದೆ. ಲೋಹದ ತುದಿ ತಗುಲಿದರೆ ಉಳಿದದ್ದೂ ಸುಡುತ್ತದೆ.

ಇನ್ನು ಬೋರ್ಡ್ ನಂಬರ್. 820-3437 ಇದ್ದರೆ 2013–14ರದ್ದು, 820-00165 ಇದ್ದರೆ 2015–17ರದ್ದು. ಇದು ವಿನ್ಯಾಸದ ಸಂಖ್ಯೆ. ಸರಿಯಾದ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಹುಡುಕಲು ಇದೇ ಆಧಾರ, ಆದರೆ ರ್ಯಾಮ್ ಎಷ್ಟೆಂದು ಇದು ಹೇಳುವುದಿಲ್ಲ.

ಅದನ್ನು ಹೇಳುವುದು ಚಿಪ್‌ಗಳು. ಪ್ರೊಸೆಸರ್ ಹತ್ತಿರ ಒಂದೇ ಗಾತ್ರದ, ಒಂದೇ ಬರಹದ ಕಪ್ಪು ಚಿಪ್‌ಗಳ ಗುಂಪು ಕಾಣುತ್ತದೆ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಮೆಲ್ಲಗೆ ಒರೆಸಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಆಗ ಎದ್ದು ಕಾಣುತ್ತದೆ. ಬೋರ್ಡ್‌ನ ಎರಡೂ ಬದಿ ನೋಡಿ ಚಿಪ್‌ಗಳನ್ನು ಎಣಿಸಿ. ಸ್ಯಾಮ್‌ಸಂಗ್, ಹೈನಿಕ್ಸ್ ಚಿಪ್‌ಗಳ ಮೇಲೆ ಉದ್ದದ ಪಾರ್ಟ್ ನಂಬರ್ ಇರುತ್ತದೆ. ಮೈಕ್ರಾನ್ ಚಿಪ್ ಮೇಲೆ ಐದಕ್ಷರದ ಚಿಕ್ಕ ಸಂಕೇತವಷ್ಟೇ. ಅದನ್ನು ಪೂರ್ಣ ಸಂಖ್ಯೆಗೆ ಬಿಡಿಸುವ ಸೌಲಭ್ಯ ಆ ಕಂಪನಿಯ ಜಾಲತಾಣದಲ್ಲಿದೆ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಚಿಪ್ ತಯಾರಕರು ಅಳೆಯುವುದು ಗಿಗಾಬಿಟ್‌ನಲ್ಲಿ, ನಾವು ಮಾತಾಡುವುದು ಗಿಗಾಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಸ್ಯಾಮ್‌ಸಂಗ್‌ನ ಕೆ4ಇ6ಇ304 ಎಂದು ಶುರುವಾಗುವ ಚಿಪ್ 16 ಗಿಗಾಬಿಟ್‌ನದು, ಅಂದರೆ 2 ಜಿಬಿ. ಅಂಥವು ನಾಲ್ಕಿದ್ದರೆ 8 ಜಿಬಿ. ಕೆ4ಇ8ಇ324 ಆದರೆ 8 ಗಿಗಾಬಿಟ್. ನಾಲ್ಕು ಸೇರಿದರೂ 4 ಜಿಬಿ ಮಾತ್ರ. ಚಿಪ್‌ನ ಡೇಟಾಶೀಟ್‌ನಲ್ಲಿ ‘8’ ಕಂಡು 8 ಜಿಬಿ ಎಂದುಕೊಂಡು ನಾನೇ ಒಮ್ಮೆ ಒಂದು ಬೋರ್ಡ್‌ಗೆ ಹೆಚ್ಚು ಹಣ ಕೊಟ್ಟಿದ್ದೇನೆ. ಅಂದಿನಿಂದ ಎಂಟರಿಂದ ಭಾಗಿಸದೆ ಮಾತು ಮುಂದುವರಿಸುವುದಿಲ್ಲ.

ಚಿಪ್ ಸುತ್ತ ಬೆಸುಗೆಯ ಹೊಸ ಗುರುತು, ಫ್ಲಕ್ಸ್ ಕಲೆ ಇದ್ದರೆ ಯಾರೋ ರ್ಯಾಮ್ ಬದಲಿಸಿರಬಹುದು. ಯಾವ ರ್ಯಾಮ್ ಕೂತಿದೆ ಎಂದು ಫರ್ಮ್‌ವೇರ್‌ಗೆ ತಿಳಿಸುವ ಕೆಲವು ಪುಟ್ಟ ರೆಸಿಸ್ಟರ್‌ಗಳಿವೆ. ಹೊಸ ಚಿಪ್‌ಗೆ ಅವು ಹೊಂದಿಕೊಳ್ಳದಿದ್ದರೆ ಬೋರ್ಡ್ ಏಳುವುದೇ ಇಲ್ಲ. ಸ್ಕೀಮ್ಯಾಟಿಕ್‌ನಲ್ಲಿ ಅವುಗಳ ಕೋಷ್ಟಕ ಹುಡುಕಿ ತಾಳೆ ನೋಡಿ.

ಸ್ಟೋರೇಜ್ ಈ ಏರ್‌ನಲ್ಲಿ ಸುಲಭ. ಒಂದು ಟಾರ್ಕ್ಸ್ ಟಿ5 ಸ್ಕ್ರೂ ತೆಗೆದರೆ ಎಸ್‌ಎಸ್‌ಡಿ ಹೊರಬರುತ್ತದೆ, ಗಾತ್ರ ಅದರ ಸ್ಟಿಕರ್ ಮೇಲಿದೆ. ಡೇಟಾವೂ ಅದರೊಂದಿಗೇ ಬರುತ್ತದೆ. 2018ರ ಏರ್‌ನಿಂದ ಮುಂದೆ ಸ್ಟೋರೇಜ್ ಬೋರ್ಡ್‌ಗೇ ಬೆಸೆದಿದೆ. ನ್ಯಾಂಡ್ (ಸ್ಟೋರೇಜ್) ಚಿಪ್‌ಗಳ ನಂಬರ್ ಓದಿ ಗಾತ್ರ ತಿಳಿಯಬಹುದು. ಆದರೆ ಡೇಟಾ ಅದೇ ಬೋರ್ಡ್‌ನ ಚಿಪ್‌ನಲ್ಲಿರುವ (ಇಂಟೆಲ್ ಏರ್‌ಗಳಲ್ಲಿ ಟಿ2 ಎಂಬ ಭದ್ರತಾ ಚಿಪ್) ಕೀಲಿಯಿಂದ ಗೂಢಲಿಪೀಕರಣಗೊಂಡಿರುವುದರಿಂದ ನ್ಯಾಂಡ್ ಕಿತ್ತು ಬೇರೆಡೆ ಕೂರಿಸಿದರೆ ಏನೂ ಸಿಗದು. ಮಗುವಿನ ಫೋಟೊಗಳು ಬೇಕು ಎಂದು ಯಾರಾದರೂ ಅಂಥ ಯಂತ್ರ ತಂದರೆ ಅದೇ ಬೋರ್ಡನ್ನು ಬದುಕಿಸಬೇಕು. ಬಿಡಿಭಾಗಕ್ಕೆ ಕೊಡುವ ಮೊದಲೇ ಇದನ್ನು ಅವರಿಗೆ ತಿಳಿಸಿ.

ನೋಡಿ ಮುಗಿದ ಮೇಲೆ ಬೋರ್ಡ್ ನಂಬರ್, ಚಿಪ್ ನಂಬರ್, ಎಣಿಕೆ, ಒಟ್ಟು ಜಿಬಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಬೋರ್ಡ್ ಜೊತೆ ಆ್ಯಂಟಿಸ್ಟ್ಯಾಟಿಕ್ ಕವರ್‌ಗೆ ಹಾಕಿಡಿ.