ಶ್ರೀರಂಗಪಟ್ಟಣದ ಹೊರಬಾಗಿಲುಗಳು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬೆಟ್ಟಗಳನ್ನು ನಾವು ನಿತ್ಯವೂ ಕಾಣುತ್ತೇವೆ. ಅವುಗಳಲ್ಲಿ ಯಾವ ಕೋಟೆ ಯಾವ ದಾರಿಯನ್ನು ಕಾಯುತ್ತಿತ್ತೆಂಬುದನ್ನು ಭೂಪಟವನ್ನು ಮುಂದಿಟ್ಟುಕೊಂಡು ವಿಚಾರಿಸಿದವರು ವಿರಳ.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ನೇರವಾದ ಹಾದಿ ಚನ್ನಪಟ್ಟಣದ ಮೇಲೆ ಸಾಗುತ್ತದೆ. ರಾಮಗಿರಿ ಅದರ ಕಾವಲು. ದಕ್ಷಿಣಕ್ಕೆ ಬಳಸಿ ಹೋಗುವ ಹಾದಿ ಕನಕಪುರದ್ದು. ಉತ್ತರದ ಪಾರ್ಶ್ವದಲ್ಲಿ ಸಾವನದುರ್ಗ, ಅದರಾಚೆ ಹುತ್ರಿದುರ್ಗ. ಮಾಗಡಿಯ ಕೆಂಪೇಗೌಡರ ವಂಶದ ಆಶ್ರಯಸ್ಥಾನವಾಗಿದ್ದ ಸಾವನದುರ್ಗವು 1728ರಲ್ಲಿ ಮೈಸೂರಿನ ವಶವಾಯಿತು. ಕರಿಗುಡ್ಡ, ಬಿಳಿಗುಡ್ಡವೆಂಬ ಅದರ ಎರಡು ಶಿಖರಗಳ ನಡುವೆ ಆಳವಾದ ಕಂದರವಿದೆ. ಒಂದು ಕೈಬಿಟ್ಟರೂ ಇನ್ನೊಂದನ್ನು ಉಳಿಸಿಕೊಳ್ಳಬಹುದೆಂಬುದು ಹಿಂದಿನವರ ಲೆಕ್ಕ. ಸುತ್ತಲೂ ಬಿದಿರುಮೆಳೆಯ ದಟ್ಟಡವಿ. ಇಂಥ ದುರ್ಗಕ್ಕೆ ಶತ್ರು ಫಿರಂಗಿಗಳನ್ನು ತಂದಾನೆಂದು ಯಾರು ತಾನೆ ಎಣಿಸಿಯಾರು!

1784ರ ಮಂಗಳೂರು ಒಪ್ಪಂದದಿಂದ 1789ರ ಅಂತ್ಯದವರೆಗೆ ಇಂಗ್ಲಿಷರೊಡನೆ ಶಾಂತಿಯಿತ್ತು. ಬಳಿಕ ಯುದ್ಧ ಬಂದು, 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ವಶವಾಯಿತು. ಆಗ ಈ ಹೊರಬಾಗಿಲುಗಳ ಪರೀಕ್ಷೆ ಒಂದೇ ವರ್ಷದಲ್ಲಿ ಎರಡು ಬಾರಿ ನಡೆಯಿತು.

ಮೊದಲನೆಯದರಲ್ಲಿ ಅವು ಗೆದ್ದವು. ಮೇ ತಿಂಗಳಲ್ಲಿ ಟೀಪು ಸುಲ್ತಾನನು ಚನ್ನಪಟ್ಟಣದ ಹಾದಿಯಲ್ಲಿ, ಗಿರಿದುರ್ಗಗಳ ಬೆಂಬಲದಲ್ಲಿ, ಸೈನ್ಯವನ್ನಿಟ್ಟು ನಿಂತಿದ್ದನು. ಆದ್ದರಿಂದ ಕಾರ್ನ್‌ವಾಲಿಸನು ಕನಕಪುರದ ಹಾದಿಯನ್ನು ಹಿಡಿಯಬೇಕಾಯಿತು. ಅಲ್ಲಿ ಅವನಿಗೆ ದೊರೆತದ್ದು ಸುಟ್ಟ ಊರುಗಳು, ಕಾಳಿಲ್ಲ, ಮೇವಿಲ್ಲ. ಅರಕೆರೆಯ ಬಳಿ 15ರಂದು ನಡೆದ ಕಾಳಗದಲ್ಲಿ ಗೆದ್ದರೂ, ಎತ್ತುಗಳು ಸತ್ತು ಸೈನ್ಯ ಹಸಿದುದರಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದನು. ಶತ್ರುವನ್ನು ಹಿಮ್ಮೆಟ್ಟಿಸಿದ್ದು ಕಲ್ಲಿನ ಗೋಡೆಗಿಂತ ಹೆಚ್ಚಾಗಿ ಬರಿದಾದ ಕಣಜ. ಆ ಕಣಜ ಕನಕಪುರದ ರೈತನದೆಂಬುದನ್ನು ಮಾತ್ರ ಮರೆಯಲಾಗದು. ಶತ್ರುವಿಗೆ ಉಪಯೋಗವಾಗಬಾರದೆಂದು ಆ ಊರನ್ನು ಟೀಪುವಿನ ಕಡೆಯವರೇ ಎರಡು ಬಾರಿ ಹಾಳುಗೆಡವಿದರು. ವಿಜಯವನ್ನು ಎಣಿಸುವವರು ಈ ವೆಚ್ಚವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ.

ಕಾರ್ನ್‌ವಾಲಿಸನು ಪಾಠ ಕಲಿತನು. ಮತ್ತೆ ಶ್ರೀರಂಗಪಟ್ಟಣದತ್ತ ಹೊರಡುವ ಮೊದಲು, ತನ್ನ ಸರಬರಾಜಿನ ದಾರಿಗೆ ಮುಳ್ಳಾಗಿದ್ದ ದುರ್ಗಗಳನ್ನು ಒಂದೊಂದಾಗಿ ಕೀಳತೊಡಗಿದನು. ಅಕ್ಟೋಬರಿನಲ್ಲಿ ನಂದಿದುರ್ಗ ಬಿದ್ದಿತು. ಡಿಸೆಂಬರಿನಲ್ಲಿ ಬಿದಿರನ್ನು ಕಡಿದು, ದಾರಿ ಮಾಡಿ, ಸಾವನದುರ್ಗದ ಬುಡಕ್ಕೆ ಫಿರಂಗಿಗಳನ್ನು ಎಳೆಸಿದನು. 17ರಂದು ಗುಂಡಿನ ದಾಳಿ ಮೊದಲಾಯಿತು. 21ರಂದು ಒಡೆದ ಗೋಡೆಯ ಮೂಲಕ ಲಗ್ಗೆ. ಕೆಳಗಿನ ಕೋಟೆಯಿಂದ ಮೇಲಕ್ಕೋಡಿದ ಕಾವಲಿನವರ ಬೆನ್ನಿಗೇ ದಾಳಿಕಾರರೂ ಶಿಖರವನ್ನೇರಿದರು. ಬಾಗಿಲು ಮುಚ್ಚಲು ಅವಕಾಶವೇ ದೊರೆಯಲಿಲ್ಲ. ಎಷ್ಟೋ ಮಂದಿ ಬಂಡೆಯಿಂದುರುಳಿ ಸತ್ತರು. ಎರಡು ಶಿಖರಗಳ ಲೆಕ್ಕ ಕೆಲವೇ ಗಂಟೆಗಳಲ್ಲಿ ಮುಗಿಯಿತು. ರಾಮಗಿರಿಯೂ ಹುತ್ರಿದುರ್ಗವೂ ಆ ತಿಂಗಳೇ ಬಿದ್ದವು.

ಮೇ ತಿಂಗಳಿಗೂ ಡಿಸೆಂಬರಿಗೂ ಬಂಡೆ ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ಮೊದಲ ಸಲ ಕೋಟೆಯ ಬಳಿ ಚಲಿಸಬಲ್ಲ ಸೈನ್ಯವಿತ್ತು, ಎರಡನೆಯ ಸಲ ಪ್ರತಿಯೊಂದು ಕೋಟೆಯೂ ಒಂಟಿಯಾಗಿತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದಾಗ, ಅವನ ಬೆನ್ನ ಹಿಂದಿನ ಹಾದಿಯನ್ನು ತಡೆಯಲು ಈ ಬೆಟ್ಟಗಳಲ್ಲಿ ಯಾರೂ ಉಳಿದಿರಲಿಲ್ಲ.